ಮಳೆಗಾಲದಲ್ಲಿ ಸೀಳಿದ ಹಿತ್ತಾಳೆ ಕಪ್‌ಗಳು: ತುಮಕೂರಿನ ಒಂದು ಪ್ರಕರಣ

ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಚಿಕ್ಕ ಪ್ರೆಸ್ ಶಾಪ್ ಇದೆ. ಮೂರು ಪವರ್ ಪ್ರೆಸ್ಸು, ಒಂದು ಲೇತು, ಒಂದು ಫರ್ನೇಸು, ಏಳು ಜನ ಕೆಲಸಗಾರರು. ಹಿತ್ತಾಳೆ ತಗಡನ್ನು ಡೈಯಲ್ಲಿ, ಅಂದರೆ ಉಕ್ಕಿನ ಅಚ್ಚಿನಲ್ಲಿ, ಎಳೆದು ಕಪ್ ಮಾಡಿಕೊಡುವುದು ನಮ್ಮ ಮುಖ್ಯ ಕೆಲಸ. 2022ರ ಮಳೆಗಾಲದಲ್ಲಿ ಇಂಥ ಕಪ್‌ಗಳ ಒಂದು ಲಾಟು ಗೋಡೌನಿನಲ್ಲಿ ಇದ್ದಲ್ಲೇ ಸೀಳಿಹೋಯಿತು. ಅದನ್ನು ಯಾರೂ ಬೀಳಿಸಿರಲಿಲ್ಲ, ಬಡಿದಿರಲಿಲ್ಲ, ಫಿಟ್ ಮಾಡಲೂ ಹೋಗಿರಲಿಲ್ಲ. ಕಾರಣ ಸಿಗುವಷ್ಟರಲ್ಲಿ ನಾನು ಇಬ್ಬರ ಮೇಲೆ ತಪ್ಪು ಹೊರಿಸಿ ಆಗಿತ್ತು. ಇದೇ ಕೆಲಸ ಮಾಡುವ ಬೇರೆಯವರಿಗೆ ಉಪಯೋಗಕ್ಕೆ ಬರಲಿ ಅಂತ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಮೊದಲು ಕಪ್ ಬಗ್ಗೆ ಹೇಳುತ್ತೇನೆ. ತಗಡು 1.2 ಮಿಲಿಮೀಟರ್ ದಪ್ಪ. ನೂರಕ್ಕೆ 70 ಭಾಗ ತಾಮ್ರ, 30 ಭಾಗ ಸತು. ಈ ಹಿತ್ತಾಳೆಗೆ ಪ್ರಪಂಚದ ಎಲ್ಲ ಕಡೆ ಕಾರ್ಟ್ರಿಜ್ ಬ್ರಾಸ್ ಅಂತಲೇ ಹೆಸರು, ಯಾಕೆಂದರೆ ಬಂದೂಕಿನ ತೋಟಾದ ಕೊಳವೆ ಮಾಡುವುದು ಇದರಲ್ಲೇ. ಎಳೆದರೆ ಹರಿಯದೆ ಚೆನ್ನಾಗಿ ಉದ್ದ ಬರುತ್ತದೆ. 70 ಮಿಲಿಮೀಟರ್ ಅಗಲದ ಬಿಲ್ಲೆ ಕತ್ತರಿಸುತ್ತೇವೆ. ಮೊದಲ ಎಳೆತದಲ್ಲಿ ಅದು 40 ಮಿಲಿಮೀಟರ್ ವ್ಯಾಸದ ಕಪ್ ಆಗುತ್ತದೆ. ಆಮೇಲೆ ಸುಮಾರು 550 ಡಿಗ್ರಿಗೆ ಕಾಯಿಸಿ ಮೆತ್ತಗೆ ಮಾಡುತ್ತೇವೆ. ಎರಡನೇ ಎಳೆತದಲ್ಲಿ 31, ಮೂರನೆಯದರಲ್ಲಿ 26. ಬಾಯಿ ಟ್ರಿಮ್ ಮಾಡಿದ ಮೇಲೆ ಎತ್ತರ 36 ಮಿಲಿಮೀಟರ್, ತೂಕ ಸುಮಾರು 35 ಗ್ರಾಂ. ಬೋರ್‌ವೆಲ್ ಪಂಪಿನ ಪ್ಯಾನಲ್ಲಿಗೆ ಹೋಗುವ ಒಂದು ಸೆನ್ಸರಿನ ಹೊರಕವಚ ಇದು. ಗಿರಾಕಿ ಬೆಂಗಳೂರಿನವರು. ಆರು ವರ್ಷದಿಂದ ಇದೇ ಡೈ, ಇದೇ ತಗಡು. ಒಂದು ದೂರೂ ಬಂದಿರಲಿಲ್ಲ.

ಆ ವರ್ಷ ಮೇ ತಿಂಗಳಲ್ಲಿ 4,000 ಕಪ್ ಮಾಡಿ ಮುಗಿಸಿದೆವು. ಅಷ್ಟರಲ್ಲಿ ಗಿರಾಕಿ, ಸ್ವಲ್ಪ ದಿನ ಇಟ್ಟುಕೊಳ್ಳಿ, ನಮ್ಮಲ್ಲಿ ಸ್ಟಾಕು ಜಾಸ್ತಿ ಇದೆ ಅಂದರು. ಶಾಪಿನಲ್ಲಿ ಜಾಗ ಇರಲಿಲ್ಲ. ಗುಬ್ಬಿ ರಸ್ತೆ ಕಡೆ ಒಂದು ಶೀಟಿನ ಗೋಡೌನು ಬಾಡಿಗೆಗೆ ಹಿಡಿದು ಇಪ್ಪತ್ತು ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿಟ್ಟೆವು. ಪೆಟ್ಟಿಗೆಗೆ 200. ಆ ಮಳೆಗಾಲ ಹೇಗಿತ್ತು ಅಂತ ತುಮಕೂರಿನವರಿಗೆ ಹೇಳಬೇಕಾಗಿಲ್ಲ. ಆಗಸ್ಟ್ ಕೊನೆಯಲ್ಲಿ ಗಿರಾಕಿ ಮಾಲು ಕೇಳಿದರು. ನಮ್ಮ ಹುಡುಗ ಹೋಗಿ ಪೆಟ್ಟಿಗೆ ಬಿಚ್ಚಿದವನು ಅಲ್ಲಿಂದಲೇ ಫೋನ್ ಮಾಡಿದ. "ಅಣ್ಣ, ಕಪ್ ಎಲ್ಲ ಬಾಯಿ ಬಿಟ್ಕೊಂಡಿದಾವೆ."

ಹೋಗಿ ನೋಡಿದೆ. ಸೀಳು ಬಾಯಿಯ ಅಂಚಿನಿಂದ ಶುರುವಾಗಿ ನೇರ ಕೆಳಕ್ಕೆ ಇಳಿದಿತ್ತು. ಕೆಲವಕ್ಕೆ ಒಂದೇ ಸೀಳು, ಕೆಲವಕ್ಕೆ ಮೂರು ನಾಲ್ಕು. ಸೀಳಿದ ಜಾಗದಲ್ಲಿ ಲೋಹ ಸೊಟ್ಟಗಾಗಿರಲಿಲ್ಲ, ಎಳೆದುಕೊಂಡೂ ಇರಲಿಲ್ಲ. ಒಣಗಿದ ಬಿದಿರು ಬಿರಿದ ಹಾಗಿತ್ತು. ಹಿತ್ತಾಳೆ ಹಾಗೆ ಒಡೆಯುವ ಲೋಹವೇ ಅಲ್ಲ. ಸುತ್ತಿಗೆಯಲ್ಲಿ ಹೊಡೆದರೆ ತಗ್ಗು ಬೀಳುತ್ತದೆ, ಬಿರಿಯುವುದಿಲ್ಲ.

ನನ್ನ ಮೊದಲ ಅನುಮಾನ ತಗಡಿನ ಮೇಲೆ ಹೋಯಿತು. ಮಾರಿದವರಿಗೆ ಫೋನ್ ಮಾಡಿ ಜೋರಾಗಿಯೇ ಮಾತಾಡಿದೆ. ಅವರು ಟೆಸ್ಟ್ ಸರ್ಟಿಫಿಕೇಟ್ ಕಳಿಸಿದರು. ನಾನು ಬೇರೆ ಕಡೆ ಒಂದು ತುಂಡು ಕೊಟ್ಟು ಪರೀಕ್ಷೆ ಮಾಡಿಸಿದೆ. ತಾಮ್ರ, ಸತು ಸರಿಯಾಗಿತ್ತು, ಸೀಸ ಇರಲಿಲ್ಲ. ಎರಡನೇ ಅನುಮಾನ ಫರ್ನೇಸ್ ನೋಡಿಕೊಳ್ಳುವ ಮೇಸ್ತ್ರಿ ಮೇಲೆ. ಮೊದಲ ಎಳೆತ ಆದಮೇಲೆ ಕಾಯಿಸುವುದನ್ನು ತಪ್ಪಿಸಿದ್ದಾರೆ ಅಂದುಕೊಂಡೆ. ಅವರು ತಮ್ಮ ನೋಟ್‌ಬುಕ್ ತಂದು ಮುಂದಿಟ್ಟರು. ಬ್ಯಾಚು, ಹೊತ್ತು, ಡಿಗ್ರಿ ಎಲ್ಲ ಬರೆದಿದ್ದರು. ಕಾಯಿಸದೆ ಇದ್ದಿದ್ದರೆ ಮೂರನೇ ಎಳೆತದಲ್ಲಿ ಪ್ರೆಸ್ಸಿನಲ್ಲೇ ಹರಿಯುತ್ತಿತ್ತಲ್ವಾ ಅಂತ ಅವರು ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರ ಮನಸ್ಸಿಗೆ ನೋವಾಗಿತ್ತು. ಆಮೇಲೆ ನಾನು ಕ್ಷಮೆ ಕೇಳಿದೆ.

ಅದೇ ವಾರ ಗೌರಿ ಹಬ್ಬ. ಅಕ್ಕ ಭಾವ ಬಾಗಿನಕ್ಕೆ ಬಂದಿದ್ದರು. ಭಾವ ಸೇನೆಯಲ್ಲಿ ಆಯುಧ ರಿಪೇರಿ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಊಟ ಆದಮೇಲೆ ಜಗಲಿಯಲ್ಲಿ ಕೂತಿದ್ದಾಗ ಒಂದು ಸೀಳಿದ ಕಪ್ ಕೈಗೆ ಕೊಟ್ಟೆ. ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. "ಇದನ್ನ ಎಲ್ಲಿಟ್ಟಿದ್ದೆ?" ಅಂದರು. ಗೋಡೌನಿನಲ್ಲಿ ಅಂದೆ. "ಪಕ್ಕದಲ್ಲಿ ಏನಿದೆ?"

ಪಕ್ಕದಲ್ಲಿ ಏನಿದೆ ಅಂತ ನಾನು ನೋಡಿರಲೇ ಇಲ್ಲ.

ಮಾರನೇ ದಿನ ಇಬ್ಬರೂ ಹೋದೆವು. ಗೋಡೌನಿನ ಹಿಂದಿನ ಗೋಡೆಗೆ ಅಂಟಿಕೊಂಡ ಹಾಗೆ ಒಂದು ಕೊಟ್ಟಿಗೆ. ಎಂಟು ಎಮ್ಮೆ, ನಾಲ್ಕು ಹಸು. ಗಂಜಲ ಹರಿದುಹೋಗುವ ಕಾಲುವೆ ಗೋಡೆಯ ಬುಡದಲ್ಲೇ. ಅದರಾಚೆ ತಿಪ್ಪೆ. ಮಳೆಯಲ್ಲಿ ಗೋಡೆ ಸೊಂಟದ ಎತ್ತರದವರೆಗೂ ಒದ್ದೆ ಹತ್ತಿತ್ತು. ಒಳಗೆ ಕಾಲಿಟ್ಟರೆ ಮೂಗಿಗೆ ಚುಚ್ಚುವ ವಾಸನೆ. ಹಳ್ಳಿಯಲ್ಲಿ ಬೆಳೆದ ನನಗೆ ಅದು ಕೊಟ್ಟಿಗೆ ವಾಸನೆ ಅಷ್ಟೇ ಆಗಿತ್ತು. ಗಂಜಲದಲ್ಲಿ ಯೂರಿಯಾ ಇರುತ್ತದೆ, ಅದು ಕೊಳೆತು ಅಮೋನಿಯಾ ಆಗುತ್ತದೆ. ಮೂಗಿಗೆ ಚುಚ್ಚುವುದು ಅದೇ.

ಪೆಟ್ಟಿಗೆ ಇಟ್ಟ ಜಾಗ ನೋಡಿ ಒಂದೊಂದಾಗಿ ಬಿಚ್ಚಿ ಎಣಿಸಿದೆವು. ನಾಲ್ಕು ಸಾಲು, ಸಾಲಿಗೆ ಐದು ಪೆಟ್ಟಿಗೆ. ಹಿಂದಿನ ಗೋಡೆಗೆ ತಾಗಿದ ಸಾಲಿನಲ್ಲಿ ಅರ್ಧಕ್ಕಿಂತ ಜಾಸ್ತಿ ಸೀಳಿದ್ದವು. ಎರಡನೇ ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು. ಮೂರು, ನಾಲ್ಕನೇ ಸಾಲಿನಲ್ಲಿ ಒಂದೂ ಇಲ್ಲ. ಗೋಡೆ ಕಡೆಯ ಪೆಟ್ಟಿಗೆಗಳ ತಳದ ರಟ್ಟಿನ ಮೇಲೆ ನೀಲಿ ಹಸಿರು ಕಲೆ ಬಿದ್ದಿತ್ತು. ಅದು ತಾಮ್ರ ಕರಗಿದ ಗುರುತು. ತಗಡು ಕೆಟ್ಟದ್ದಾಗಿದ್ದರೆ, ಮೇಸ್ತ್ರಿ ತಪ್ಪು ಮಾಡಿದ್ದರೆ, ಸೀಳು ಎಲ್ಲ ಪೆಟ್ಟಿಗೆಯಲ್ಲೂ ಹಂಚಿಹೋಗಿರಬೇಕಿತ್ತು. ಗೋಡೆಯಿಂದ ದೂರ ಹೋದ ಹಾಗೆ ಕಡಿಮೆಯಾಗುತ್ತಾ ಬರುವುದಕ್ಕೆ ಬೇರೆ ಅರ್ಥವೇ ಇಲ್ಲ.

ತೋಟಾದ ಕೊಳವೆ ಮತ್ತು ನಮ್ಮ ಕಪ್

ವಾಪಸ್ ಬರುವಾಗ ದಾರಿಯಲ್ಲಿ ಭಾವ ಹೇಳಿದ ವಿಷಯ ನನಗೆ ತುಂಬಾ ಹಿಡಿಸಿತು. ಈ ರೋಗ ಮೊದಲು ದೊಡ್ಡದಾಗಿ ಕಂಡದ್ದು ನಮ್ಮ ದೇಶದಲ್ಲೇ. ಬ್ರಿಟಿಷರ ಕಾಲದಲ್ಲಿ ಸೈನ್ಯದ ತೋಟಾಗಳನ್ನು ಮಳೆಗಾಲದಲ್ಲಿ ಕುದುರೆ ಲಾಯದಲ್ಲಿ ಇಡುತ್ತಿದ್ದರು. ಮಳೆ ನಿಂತ ಮೇಲೆ ನೋಡಿದರೆ ಹಿತ್ತಾಳೆ ಕೊಳವೆಗಳು ಸೀಳಿರುತ್ತಿದ್ದವು. ಮಳೆಗಾಲ ಬಂದಾಗ ಬರುವ ಬಿರುಕು ಅಂತ ಇಂಗ್ಲಿಷಿನಲ್ಲಿ ಸೀಸನ್ ಕ್ರ್ಯಾಕಿಂಗ್ ಅಂತ ಹೆಸರು ಬಂತು. ಕಾರಣ ಪಕ್ಕಾ ಆಗಿದ್ದು 1921ರಲ್ಲಿ. ಇಂಗ್ಲೆಂಡಿನ ಮೂರ್, ಬೆಕಿನ್ಸೇಲ್, ಮ್ಯಾಲಿನ್ಸನ್ ಎಂಬ ಮೂವರು ಇದನ್ನು ವಿವರಿಸಿದರು. ಕುದುರೆ ಮೂತ್ರದ ಅಮೋನಿಯಾ, ಗಾಳಿಯ ತೇವ, ಜೊತೆಗೆ ಹಿತ್ತಾಳೆಯೊಳಗೆ ಉಳಿದುಕೊಂಡಿದ್ದ ಬಿಗಿತ, ಅಂದರೆ ಲೋಹವನ್ನು ಎಳೆದು ಬಾಗಿಸುವಾಗ ಒಳಗೇ ಸಿಕ್ಕಿಕೊಳ್ಳುವ ಜಗ್ಗುವ ಬಲ. ಮೂರೂ ಒಂದೇ ಕಡೆ ಸೇರಿದರೆ ಬಿರುಕು.

ಇಲ್ಲಿ ನನಗೊಂದು ಗೊಂದಲ ಹುಟ್ಟಿತು. ತೋಟಾದ ಕೊಳವೆ ತಡೆಯುವ ಒತ್ತಡ ಸಣ್ಣದಲ್ಲ. 7.62 ಮಿಲಿಮೀಟರ್ ರೈಫಲ್ಲಿನ ಚೇಂಬರಿನಲ್ಲಿ, ಅಂದರೆ ತೋಟಾ ಕೂರುವ ಗೂಡಿನಲ್ಲಿ, ಗುಂಡು ಹಾರುವಾಗ ಒತ್ತಡ 4,000 ಬಾರ್ ಮುಟ್ಟುತ್ತದೆ. ಕಾರಿನ ಟೈರಿನಲ್ಲಿ ಇರುವುದು ಎರಡು ಬಾರ್ ಚಿಲ್ಲರೆ. ಅಷ್ಟನ್ನು ತಡೆಯುವ ಹಿತ್ತಾಳೆ ಲಾಯದ ವಾಸನೆಗೆ ಸೀಳುತ್ತದಾ ಅಂತ ಕೇಳಿದೆ.

ಭಾವ ಬಿಡಿಸಿ ಹೇಳಿದರು. ಒತ್ತಡ ತಡೆಯುವುದು ಹಿತ್ತಾಳೆ ಅಲ್ಲ, ಸುತ್ತ ಇರುವ ಉಕ್ಕಿನ ಚೇಂಬರು. ಹಿತ್ತಾಳೆ ಉಬ್ಬಿ ಉಕ್ಕಿನ ಗೋಡೆಗೆ ಒತ್ತಿ ಕೂರುತ್ತದೆ, ಹೊಗೆ ಹಿಂದಕ್ಕೆ ಬರದಂತೆ ಮುಚ್ಚುತ್ತದೆ, ಒತ್ತಡ ಇಳಿದ ಕೂಡಲೇ ಸ್ವಲ್ಪ ಹಿಂದಕ್ಕೆ ಸರಿಯುತ್ತದೆ. ಕೊಳವೆಯ ಕತ್ತು ಮೆತ್ತಗಿರಬೇಕು, ಬುಡ ಗಟ್ಟಿಯಾಗಿರಬೇಕು. ಹೊರದೇಶದಲ್ಲಿ ಖಾಲಿ ಕೊಳವೆಗೆ ಮತ್ತೆ ಮದ್ದು ತುಂಬಿ ಬಳಸುವ ಗುರಿಕಾರರು ತುಂಬಾ ಜನ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಅದು ಅಪರಾಧ. ಅಲ್ಲಿಯವರ ಅನುಭವದಲ್ಲಿ ಕೊಳವೆ ಸಾಯುವುದು ಬೇರೆ ಬೇರೆ ರೀತಿಯಲ್ಲಿ. ಒತ್ತಡ ಮಿತಿ ಹತ್ತಿರ ಹೋದಷ್ಟೂ ಬುಡ ಹಿಗ್ಗುತ್ತದೆ. ಬುಡದಲ್ಲಿ ಪ್ರೈಮರ್, ಅಂದರೆ ಮದ್ದಿಗೆ ಕಿಡಿ ಕೊಡುವ ಬಿಲ್ಲೆ, ಕೂರುವ ಗುಳಿ ಸಡಿಲವಾಗುತ್ತದೆ. ಆಮೇಲೆ ಆ ಕೊಳವೆ ಎಸೆಯಲೇಬೇಕು, ರಿಪೇರಿ ಇಲ್ಲ. ಒತ್ತಡ ಕಡಿಮೆ ಇಟ್ಟುಕೊಂಡರೆ ಅದೇ ಕೊಳವೆ ಎಷ್ಟೋ ಪಟ್ಟು ಜಾಸ್ತಿ ಸಲ ಬರುತ್ತದೆ. ಆದರೆ ಕತ್ತಿನ ಕಥೆ ಬೇರೆ. ಪ್ರತಿ ಸಲ ಹೊಡೆದಾಗ ಕತ್ತು ಉಬ್ಬುತ್ತದೆ, ಆಮೇಲೆ ಡೈಯಲ್ಲಿ ಒತ್ತಿ ಅದನ್ನು ಕಿರಿದು ಮಾಡುತ್ತಾರೆ. ಉಬ್ಬಿಸಿ, ಒತ್ತಿ, ಉಬ್ಬಿಸಿ, ಒತ್ತಿ ಕತ್ತು ಗಡಸಾಗುತ್ತದೆ. ಒಂದು ದಿನ ಉದ್ದಕ್ಕೆ ಸೀಳುತ್ತದೆ. ಒತ್ತಡ ಇಳಿಸಿದರೆ ಮಾತ್ರ ಇದು ನಿಲ್ಲುವುದಿಲ್ಲ, ಕತ್ತನ್ನು ಆಗಾಗ ಕಾಯಿಸಿ ಮೆತ್ತಗೆ ಮಾಡಬೇಕು.

"ಗುಂಡು ಹೊಡೆದಾಗಿನ ಒತ್ತಡ ಕಣ್ಣು ಮಿಟುಕಿಸೋದರೊಳಗೆ ಹೋಗುತ್ತೆ. ಕಾರ್ಖಾನೆ ತುಂಬಿದ ಬಿಗಿತ ಹೋಗೋದಿಲ್ಲ, ಒಳಗೇ ಕೂತಿರುತ್ತೆ. ನಿನ್ನ ಕಪ್‌ನಲ್ಲೂ ಕೂತಿದೆ ನೋಡಪ್ಪ" ಅಂದರು. ಸೈನ್ಯದ ತೋಟಾದ ಕತ್ತಿನಲ್ಲಿ ನೀಲಿ ಕಂದು ಬಣ್ಣದ ಒಂದು ಪಟ್ಟೆ ಇರುತ್ತದೆ. ಕೊನೆಯಲ್ಲಿ ಕತ್ತನ್ನು ಬೆಂಕಿಯಲ್ಲಿ ಕಾಯಿಸಿದ ಗುರುತು ಅದು. ಅದನ್ನು ಉಜ್ಜಿ ತೆಗೆಯದೆ ಹಾಗೇ ಬಿಡುತ್ತಾರೆ. ನಮ್ಮ ಕಪ್‌ಗೆ ಮೂರನೇ ಎಳೆತದ ನಂತರ ಬೆಂಕಿಯೇ ತೋರಿಸಿರಲಿಲ್ಲ.

ಬಕೆಟ್ಟಿನ ಪರೀಕ್ಷೆ

ಭಾವನ ಮಾತು ನಂಬಿದರೂ ಕೈಯಾರೆ ನೋಡಬೇಕು ಅನ್ನಿಸಿತು. ಗಿರಾಕಿಗೆ ಉತ್ತರ ಕೊಡುವವನು ನಾನು. ಮುಂದಿನ ಸಾಲಿನಿಂದ, ಅಂದರೆ ಗೋಡೆಗೆ ದೂರ ಇದ್ದ ಪೆಟ್ಟಿಗೆಯಿಂದ, 24 ಒಳ್ಳೆಯ ಕಪ್ ತೆಗೆದೆ. ಆರನ್ನು ಇದ್ದ ಹಾಗೇ ಬಿಟ್ಟೆ. ಆರನ್ನು 280 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟೆ. ಆರನ್ನು 550 ಡಿಗ್ರಿಗೆ ಕಾಯಿಸಿ ಪೂರ್ತಿ ಮೆತ್ತಗೆ ಮಾಡಿದೆ. ಈ ಹದಿನೆಂಟನ್ನೂ ಮುಚ್ಚಳ ಇರುವ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ದಾರಕ್ಕೆ ಕಟ್ಟಿ ಇಳಿಬಿಟ್ಟೆ. ತಳದಲ್ಲಿ ಅಮೋನಿಯಾ ದ್ರಾವಣ. ಕಪ್ ದ್ರಾವಣಕ್ಕೆ ತಾಗಬಾರದು, ಆವಿ ಮಾತ್ರ ತಾಗಬೇಕು. ಉಳಿದ ಆರನ್ನು ಕಾಯಿಸದೆ ಮನೆಯಲ್ಲಿ ಅಕ್ಕಿ ಡಬ್ಬದ ಪಕ್ಕ ಒಣ ಜಾಗದಲ್ಲಿಟ್ಟೆ. ಈ ಕೆಲಸ ಮಾಡುವವರು ಬಯಲಿನಲ್ಲೇ ಮಾಡಿ. ಅಮೋನಿಯಾ ಆವಿ ಕಣ್ಣಿಗೂ ಶ್ವಾಸಕ್ಕೂ ಅಪಾಯ, ಕನ್ನಡಕ ಗ್ಲೌಸು ಇಲ್ಲದೆ ಮುಚ್ಚಳ ತೆಗೆಯಬೇಡಿ.

ಮಾರನೇ ಬೆಳಿಗ್ಗೆ ಮೇಸ್ತ್ರಿಯನ್ನು ಕರೆದು ಅವರ ಎದುರಿಗೇ ಮುಚ್ಚಳ ತೆಗೆದೆ. ಕಾಯಿಸದ ಆರೂ ಸೀಳಿದ್ದವು. ಗೋಡೌನಿನಲ್ಲಿ ಮೂರು ತಿಂಗಳಲ್ಲಿ ಆದದ್ದು ಒಂದೇ ರಾತ್ರಿಯಲ್ಲಿ ಆಗಿತ್ತು. ಅದೇ ಸೀಳು, ಬಾಯಿಯಿಂದ ಕೆಳಕ್ಕೆ. 280 ಡಿಗ್ರಿ ಕಂಡ ಆರರಲ್ಲಿ ಒಂದೂ ಸೀಳಿರಲಿಲ್ಲ. 550 ಕಂಡವು ಕಪ್ಪಿಟ್ಟಿದ್ದವು, ಆದರೆ ಸೀಳಿರಲಿಲ್ಲ. ಅಕ್ಕಿ ಡಬ್ಬದ ಪಕ್ಕದವು ಹೊಚ್ಚ ಹೊಸದರ ಹಾಗೇ ಇದ್ದವು. ಬಿಗಿತ ಇದ್ದು ಅಮೋನಿಯಾ ಇಲ್ಲದಿದ್ದರೆ ಏನೂ ಆಗಲಿಲ್ಲ. ಅಮೋನಿಯಾ ಇದ್ದು ಬಿಗಿತ ಇಲ್ಲದಿದ್ದರೂ ಬಣ್ಣ ಹೋಯಿತು ಅಷ್ಟೇ. ಆರು ವರ್ಷ ದೂರು ಬರದ ಕಾರಣವೂ ಇದರಲ್ಲೇ ಇತ್ತು. ಆರು ವರ್ಷವೂ ನಾವು ಬಿಗಿತ ತುಂಬಿದ ಕಪ್ ಕೊಟ್ಟಿದ್ದೆವು. ವಾರದೊಳಗೆ ಮಾಲು ಹೋಗುತ್ತಿತ್ತು, ಒಣ ಜಾಗ ಸೇರುತ್ತಿತ್ತು. ಬಚಾವಾಗಿದ್ದೆವು. ತಪ್ಪು ತಗಡಿನದ್ದೂ ಅಲ್ಲ, ಮೇಸ್ತ್ರಿಯದ್ದೂ ಅಲ್ಲ. ಕೆಲಸದ ಕ್ರಮ ಬರೆದವನು ನಾನು, ಕೊನೆಯ ಕಾಯಿಸುವಿಕೆ ಬೇಡ ಅಂತ ಡೀಸೆಲ್ ಉಳಿಸಿದವನೂ ನಾನೇ.

ಬಿಗಿತ ಎಷ್ಟಿತ್ತು ಅಂತ ಅಳೆಯಲು ಇಂಜಿನಿಯರಿಂಗ್ ಕಾಲೇಜಿನ ಒಬ್ಬ ಮೇಷ್ಟ್ರು ಸುಲಭದ ದಾರಿ ಹೇಳಿಕೊಟ್ಟರು. ಕಪ್‌ನ ಬಾಯಿ ಹತ್ತಿರ ಒಂದು ಉಂಗುರ ಕತ್ತರಿಸಬೇಕು. ಆ ಉಂಗುರವನ್ನು ಅಕ್ಕಸಾಲಿಗರ ಸಣ್ಣ ಗರಗಸದಲ್ಲಿ ಒಂದು ಕಡೆ ಸೀಳಬೇಕು. ಒಳಗೆ ಬಿಗಿತ ಇಲ್ಲದಿದ್ದರೆ ಸೀಳು ಗರಗಸದ ಅಗಲಕ್ಕೇ ನಿಲ್ಲುತ್ತದೆ. ನಮ್ಮ ಉಂಗುರ ಟಪ್ ಅಂತ ತೆರೆದುಕೊಂಡಿತು. ಗರಗಸದ ಅಗಲ ಕಳೆದರೆ ಅಂತರ 2 ಮಿಲಿಮೀಟರ್. ಅಂದರೆ ಹೊರಮೈ ಎಳೆತದಲ್ಲಿತ್ತು, ಒಳಮೈ ಒತ್ತಿಕೊಂಡಿತ್ತು. ಡೈಯ ಅಂಚಿನ ಮೇಲೆ ತಗಡು ಬಾಗಿ ಮತ್ತೆ ನೆಟ್ಟಗಾಗುವಾಗ ಇದು ಉಳಿದುಕೊಳ್ಳುತ್ತದೆ. ದಪ್ಪ, ವ್ಯಾಸ, ಹಿತ್ತಾಳೆಯ ಸ್ಥಿತಿಸ್ಥಾಪಕ ಗುಣ ಹಾಕಿ ಲೆಕ್ಕ ಮಾಡಿದರೆ ಹೊರಮೈಯ ಎಳೆತ ಸುಮಾರು 130 ಮೆಗಾಪ್ಯಾಸ್ಕಲ್ ಬಂತು. ಒಂದು ಚದರ ಸೆಂಟಿಮೀಟರಿಗೆ 1,300 ಕಿಲೋ ತೂಕ ಜಗ್ಗಿದ ಹಾಗೆ. ಕಪ್ ಮೇಜಿನ ಮೇಲೆ ಸುಮ್ನೆ ಕೂತಿದ್ದಾಗಲೂ ಅಷ್ಟು ಜಗ್ಗುತ್ತಲೇ ಇತ್ತು. 280 ಡಿಗ್ರಿ ಕಂಡ ಕಪ್‌ನ ಉಂಗುರ ಸೀಳಿದಾಗ ಅಂತರ ಕಣ್ಣಿಗೆ ಕಾಣಲಿಲ್ಲ.

280 ಡಿಗ್ರಿಯೇ ಯಾಕೆ ಅಂತ ಕೆಲವರು ಕೇಳಿದ್ದಾರೆ. ಪೂರ್ತಿ ಮೆತ್ತಗಾಗಬೇಕಾದರೆ ಈ ಹಿತ್ತಾಳೆಗೆ 425 ಡಿಗ್ರಿಗಿಂತ ಮೇಲೆ ಹೋಗಬೇಕು. ಹಾಗೆ ಮಾಡಿದರೆ ಕಪ್‌ಗೆ ಸುಲಭವಾಗಿ ತಗ್ಗು ಬೀಳುತ್ತದೆ, ಗಿರಾಕಿಗೆ ಬೇಕಾದ ಗಟ್ಟಿತನ ಹೋಗುತ್ತದೆ. 250ರಿಂದ 300ರ ಒಳಗೆ ಇಟ್ಟರೆ ಒಳಗಿನ ಬಿಗಿತ ಸಡಿಲವಾಗುತ್ತದೆ, ಗಡಸುತನ ಉಳಿಯುತ್ತದೆ. ಕಾಯಿಸುವ ಮೊದಲು, ಆಮೇಲೆ ಗಡಸುತನ ಅಳೆಸಿದೆ. ಇಳಿದಿರಲಿಲ್ಲ.

ಲಾಟಿನ ಗತಿ ಬೇಗ ಹೇಳಿಬಿಡುತ್ತೇನೆ. ಹಿಂದಿನ ಎರಡು ಸಾಲು, 2,000 ಕಪ್, ಸುಮಾರು 70 ಕಿಲೋ, ಒಳ್ಳೆಯದು ಕೆಟ್ಟದ್ದು ಆರಿಸದೆ ಗುಜರಿಗೆ ಹಾಕಿದೆ. ಕಣ್ಣಿಗೆ ಕಾಣದ ಕೂದಲೆಳೆ ಬಿರುಕು ಇದ್ದರೆ ಕಾಯಿಸಿದರೂ ಅದು ಕೂಡುವುದಿಲ್ಲ. ಮುಂದಿನ ಎರಡು ಸಾಲಿಗೆ ಬಿರುಕು ತೋರಿಸುವ ಕೆಂಪು ಬಣ್ಣ ಹಚ್ಚಿ ನೋಡಿ, 280 ಡಿಗ್ರಿ ಕಾಯಿಸಿ ಕಳಿಸಿದೆ. ಗಿರಾಕಿಗೆ ಆದದ್ದನ್ನು ಆದ ಹಾಗೇ ಹೇಳಿದೆ. ಕಪ್‌ನ ಮೈಗೆ ಬಂದ ಒಣಹುಲ್ಲಿನ ಬಣ್ಣ ನೋಡಿ ಮೊದಲು ಬೇಡ ಅಂದರು. ಬಕೆಟ್ಟಿನಿಂದ ತೆಗೆದ ಒಂದು ಸೀಳಿದ ಕಪ್, ಒಂದು ಸೀಳದ ಕಪ್ ಕೈಗಿಟ್ಟ ಮೇಲೆ ಬಣ್ಣದ ಮಾತು ಬಿಟ್ಟರು.

ಇಷ್ಟಕ್ಕೆ ಮುಗಿಯಿತು ಅಂದುಕೊಂಡಿದ್ದೆ. ಮುಗಿದಿರಲಿಲ್ಲ. ಗಿರಾಕಿ ನಮ್ಮ ಕಪ್‌ನೊಳಗೆ ಪ್ಲಾಸ್ಟಿಕ್ ಬುಷ್ ಕೂರಿಸಿ ಬಾಯಿಯನ್ನು ಒಳಕ್ಕೆ ಮಡಿಸಿ ಕ್ರಿಂಪ್ ಮಾಡುತ್ತಾರೆ. ಮೇಸ್ತ್ರಿಗೇ ಇದು ಹೊಳೆದದ್ದು. ನಾವು ಬಿಗಿತ ತೆಗೆದು ಕೊಡುತ್ತೇವೆ, ಅವರು ಮಡಿಸುವಾಗ ಮತ್ತೆ ತುಂಬುತ್ತಾರಲ್ಲ ಅಂದರು. ಕ್ರಿಂಪ್ ಆದ ಹತ್ತು ಕಪ್ ತರಿಸಿ ಅದೇ ಬಕೆಟ್ಟಿಗೆ ಹಾಕಿದೆವು. ಎರಡು ದಿನದಲ್ಲಿ ಮೂರು ಕಪ್ ಮಡಿಕೆಯ ಅಂಚಿನಲ್ಲೇ ಬಿರಿದವು. ಒಳಗೆ ಪ್ಲಾಸ್ಟಿಕ್ ಇರುವುದರಿಂದ ಆ ಹಂತದಲ್ಲಿ ಕಾಯಿಸುವ ಹಾಗಿಲ್ಲ. ಪಂಪ್ ಪ್ಯಾನಲ್ಲು ಇರುವುದು ತೋಟದ ಶೆಡ್ಡಿನಲ್ಲಿ. ಯೂರಿಯಾ ಮೂಟೆ, ಗೊಬ್ಬರ, ಎಮ್ಮೆ ಎಲ್ಲ ಅಲ್ಲೇ ಇರುತ್ತವೆ.

ಹಿತ್ತಾಳೆಯಲ್ಲಿ ಸತು 15 ಭಾಗಕ್ಕೆ ಇಳಿದರೆ ಈ ಬಿರುಕಿನ ಭಯ ತುಂಬಾ ಕಡಿಮೆ. 85 ಭಾಗ ತಾಮ್ರ, 15 ಭಾಗ ಸತು ಇರುವ ತಗಡು ತರಿಸಿದೆವು. ರೇಟು ಜಾಸ್ತಿ, ಬಣ್ಣ ಸ್ವಲ್ಪ ಕೆಂಪು. ಅದೇ ಡೈಯಲ್ಲಿ ತೊಂದರೆ ಇಲ್ಲದೆ ಎಳೆಯಿತು. ಹನ್ನೆರಡು ಕಪ್ ಕಳಿಸಿ ಕ್ರಿಂಪ್ ಮಾಡಿಸಿ ತಂದು ಮೂರು ದಿನ ಬಕೆಟ್ಟಿನಲ್ಲಿಟ್ಟೆವು. ಒಂದೂ ಬಿರಿಯಲಿಲ್ಲ. ಕಪ್ ಒಂದಕ್ಕೆ ಬೀಳುವ ಹೆಚ್ಚಿನ ಹಣ ಯಾರು ಕೊಡಬೇಕು ಅಂತ ಒಂದು ತಿಂಗಳು ಮಾತುಕತೆ ನಡೆಯಿತು, ಕೊನೆಗೆ ಅರ್ಧ ಅರ್ಧ ಅಂತ ಒಪ್ಪಿದೆವು. 2023ರ ಜನವರಿಯಿಂದ ಅದೇ ತಗಡು ಹೋಗುತ್ತಿದೆ, 280 ಡಿಗ್ರಿಯನ್ನೂ ಬಿಟ್ಟಿಲ್ಲ. ಪ್ರತಿ ಲಾಟಿನ ಮೊದಲ ಆರು ಕಪ್ ಬಕೆಟ್ಟಿಗೆ ಹೋಗುತ್ತವೆ. ಮಾರನೇ ಬೆಳಿಗ್ಗೆ ಮುಚ್ಚಳ ತೆಗೆದು ನೋಡಿ ಮೇಸ್ತ್ರಿ ತಮ್ಮ ನೋಟ್‌ಬುಕ್‌ನಲ್ಲಿ ಬರೆದು ಸಹಿ ಹಾಕಿದ ಮೇಲೆಯೇ ಪೆಟ್ಟಿಗೆಗೆ ಟೇಪು ಹಚ್ಚುವುದು.